ಕೋವಿಗೆ ಸಿಕ್ಕಿಸಿದ ಊದುಬತ್ತಿ

ಕೋಪ ಬಂದಾಗ ಕೆಲವರು ಕೂಗಾಡುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಅಳತೆ ತೆಗೆಯುತ್ತೇನೆ. ಇದು ಹುಟ್ಟುಗುಣವೋ, ಸಾಂಟಾ ಕ್ಲಾರಾದ ಕಂಪ್ಯೂಟರ್ ಚಿಪ್ಪಿನ ಕಂಪನಿಯೊಂದರಲ್ಲಿ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಇಷ್ಟು ವರ್ಷ ಸಂಬಳ ತಿಂದದ್ದರ ಫಲವೋ ತಿಳಿಯದು. "ನಿಮಗೆ ಜಗಳ ಆಡೋಕೂ ಟೇಪು ಬೇಕು" ಎನ್ನುತ್ತಾಳೆ ಹೆಂಡತಿ ಸುಮಾ. ನಾನೀಗ ಹೇಳಹೊರಟಿರುವ ಸಂಗತಿ ನಡೆದು ಮೂರು ವಾರವಾಯಿತು. ಕೋಪ ಇನ್ನೂ ಒಂದು ಚೂರೂ ಇಳಿದಿಲ್ಲ. ಆದ್ದರಿಂದ ಅವಸರ ಮಾಡದೆ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಉತ್ಪ್ರೇಕ್ಷೆಗೆ ಜಾಗವಿಲ್ಲ, ನಡೆದದ್ದೇ ಬೇಕಾದಷ್ಟಿದೆ.

ಇದೆಲ್ಲ ಶುರುವಾದದ್ದು ನನ್ನ ಷಡ್ಡಕರಿಂದ. ಷಡ್ಡಕರು ಎಂದರೆ ಸುಮಾಳ ಅಕ್ಕನ ಗಂಡ ಶಿವರಾಜು. ಮಂಡ್ಯದವರು, ಈಗ ಸ್ಯಾನ್ ರಮೋನಿನಲ್ಲಿ ಮನೆ. ಪ್ರತಿವರ್ಷ ಎರಡೂ ಸಂಸಾರದ ಆಯುಧಪೂಜೆ ಅವರ ಗರಾಜಿನಲ್ಲೇ. ಪಂಚಾಂಗದಲ್ಲಿ ಆಯುಧಪೂಜೆ ಯಾವ ವಾರ ಬಂದರೂ ಈ ಪರದೇಶದಲ್ಲಿ ಅದು ಶನಿವಾರವೇ ಬರುತ್ತದೆ. ಎರಡು ಕಾರು, ನಾಲ್ಕು ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಮೆಷೀನು, ತಾನೇ ಓಡಾಡಿಕೊಂಡು ಕಸ ಗುಡಿಸುವ ಯಂತ್ರ, ಎಲ್ಲಕ್ಕೂ ಕುಂಕುಮ. ಆ ಯಂತ್ರವಂತೂ ಪೂಜೆ ಮುಗಿದ ಮೇಲೆ ಒಳಗೆ ಹೋಗಿ ತನ್ನ ಹಣೆಯ ಕುಂಕುಮವನ್ನು ಹಾಲ್‌ನ ಕಾರ್ಪೆಟ್ಟಿಗೆಲ್ಲ ಹಂಚಿಬಿಡುತ್ತದೆ. ಒಂದು ವರ್ಷ ನನ್ನ ಆಫೀಸಿನ ಲ್ಯಾಪ್‌ಟಾಪಿಗೆ ಧಾರಾಳವಾಗಿ ಅಕ್ಷತೆ ಹಾಕಿ, ಕೀಲಿಗಳ ಸಂದಿಯಲ್ಲಿ ಅಕ್ಕಿಕಾಳು ಸಿಕ್ಕಿಕೊಂಡು, ರಿಪೇರಿಯವನು "ಇದೇನಿದು?" ಎಂದು ಕೇಳಿದಾಗ "ಲಂಚು" ಎಂದು ಹೇಳಿ ಪಾರಾಗಿದ್ದೆ.

ಈ ಬೇಸಿಗೆಯಲ್ಲಿ ಶಿವರಾಜು ಫೋನು ಮಾಡಿದರು. "ಅಲ್ಲಾ ಮೂರ್ತಿ, ವರ್ಷಾ ವರ್ಷ ಕೀಬೋರ್ಡಿಗೆ ಕೈ ಮುಗಿದೂ ಮುಗಿದೂ ಸಾಕಾಗೋಯ್ತು ಕಣ್ರೀ. ಆಯುಧಪೂಜೆ ಅಂದ್ಮೇಲೆ ಒಂದಾದ್ರೂ ಆಯುಧ ಬೇಡ್ವೇನ್ರೀ? ಆನ್‌ಲೈನಲ್ಲಿ ಒಂದು ಹಳೇ ಕೋವಿ ನೋಡಿದೀನಿ. ಗೋಡೆಗೆ ಹಾಕೋಕೆ ಅಷ್ಟೇ. ನೀವು ಚೆಕ್ ಮಾಡಿ ಸೈ ಅಂದ್ರೆ ತಗೊಂಡ್ಬಿಡ್ತೀನಿ."

ನೀವು ಚೆಕ್ ಮಾಡಿ ಎಂದು ಯಾರಾದರೂ ಹೇಳಿದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಅದು ಬಲು ಹಳೆಯ ಕೇಪಿನ ಕೋವಿ. ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ಒಳಗೆ ಹಾಕಿ, ಉದ್ದನೆಯ ಗಜದ ಕಡ್ಡಿಯಿಂದ ಜಡಿದು ದಮ್ಮಾಸು ಮಾಡಬೇಕು. ಹಿಂದುಗಡೆ ಒಂದು ಪುಟ್ಟ ಕೊಳವೆ ಇರುತ್ತದೆ. ಅದರ ತಲೆಗೆ ಕೇಪು, ಅಂದರೆ ಸಿಡಿಮದ್ದಿನ ಪುಟ್ಟ ಟೊಪ್ಪಿ, ಕೂರಿಸಿದರೆ, ಕುದುರೆ ಎನ್ನುವ ಸುತ್ತಿಗೆಯಂಥ ಕೀಲು ಬಂದು ಕುಟ್ಟಿದಾಗ ಕಿಡಿ ಆ ಕೊಳವೆಯ ಮೂಲಕ ಒಳಗಿನ ಮದ್ದಿಗೆ ತಲುಪುತ್ತದೆ. ಇದನ್ನೆಲ್ಲ ನಾನು ಕೊಳ್ಳುವುದಕ್ಕೆ ಮೊದಲೇ ಓದಿ ತಿಳಿದುಕೊಂಡಿದ್ದೆ ಎಂಬುದನ್ನು ದಯವಿಟ್ಟು ಗಮನಿಸಿ. ಮೂವತ್ತೊಂದು ಸಾಲುಗಳ ಪಟ್ಟಿ ಮಾಡಿದೆ. ಮರದಲ್ಲಿ ಸೀಳಿದೆಯೇ, ನಳಿಗೆಯ ಹೊರಗೆ ತುಕ್ಕು ಎಷ್ಟು, ತಿರುಪಿನ ತಲೆ ಸವೆದಿದೆಯೇ, ಕುದುರೆಯ ಸ್ಪ್ರಿಂಗು ಬಿಗಿಯಾಗಿದೆಯೇ, ಎಲ್ಲಕ್ಕೂ ಫೋಟೋ ತರಿಸಿಕೊಂಡೆ. ಮಾರುವವನು ಎರಡು ರಾಜ್ಯದಾಚೆಯವನು, ಬಹಳ ಮರ್ಯಾದಸ್ಥ. ಕೇಳಿದ್ದಕ್ಕೆಲ್ಲ "ಶೂರ್, ಸರ್" ಎಂದು ಕಳಿಸಿದ. ಕೋವಿ ತುಂಬಿದೆಯೇ ಎಂದು ಮಾತ್ರ ನಾನು ಕೇಳಲಿಲ್ಲ. ಕೇಳುವ ವಿಷಯವೇ ಅದು? ಹಳೆಯ ಕುಕ್ಕರು ಕೊಳ್ಳುವಾಗ ಒಳಗೆ ಹುಳಿ ಇದೆಯೇ ಎಂದು ಯಾರಾದರೂ ಕೇಳುತ್ತಾರೆಯೇ?

ಅಷ್ಟು ಹಳೆಯ ಕೋವಿಗಳಿಗೆ ಇಲ್ಲಿಯ ಕಾನೂನಿನಲ್ಲಿ ಬೇರೆಯೇ ಲೆಕ್ಕವಂತೆ, ಲೈಸೆನ್ಸು ಬೇಡ. ಮಿಕ್ಸಿ ಬಂದ ಹಾಗೆ ಪಾರ್ಸೆಲಿನಲ್ಲಿ ಷಡ್ಡಕರ ಮನೆ ಬಾಗಿಲಿಗೆ ಬಂತು. ಬಿಚ್ಚುವುದಕ್ಕೆ ನಾವು ಸ್ಯಾನ್ ರಮೋನಿಗೆ ಹೋದೆವು. ಒಂಬತ್ತು ವರ್ಷದ ನನ್ನ ಮಗಳು ಅನಘಾ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನಳಿಗೆಯ ಬಾಯಿಗೆ ಹಚ್ಚಿ, "ಇಟ್ಸ್ ಲೈಕ್ ಅ ಟೆಲಿಸ್ಕೋಪ್, ಅಪ್ಪಾ!" ಎಂದಳು. ನಾನು ಅವಳನ್ನು ಪಕ್ಕಕ್ಕೆ ಸರಿಸಿದೆ. ಯಾಕೆಂದರೆ ನಾನು ನೋಡಬೇಕಾಗಿತ್ತು. ಫೋನಿನ ಟಾರ್ಚು ಬಿಟ್ಟು, ಅದೇ ಬಾಯಿಗೆ ಕಣ್ಣಿಟ್ಟು ನೋಡಿದೆ. ಕಪ್ಪಗಿತ್ತು. "ಒಳಗೆ ಕ್ಲೀನು" ಎಂದು ತೀರ್ಪು ಕೊಟ್ಟೆ. ಈ ವಾಕ್ಯ ಬರೆಯುವಾಗ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ.

ಪೂಜೆಯ ದಿನ ಗರಾಜಿನ ಬಾಗಿಲು ಎತ್ತಿ, ಮೇಜಿನ ಮೇಲೆ ರೇಷ್ಮೆ ವಸ್ತ್ರ ಹಾಸಿ, ಕೋವಿಯನ್ನು ಮಲಗಿಸಿದೆವು. ಮೂತಿ ಹೊರಗೆ ಡ್ರೈವ್‌ವೇ ಕಡೆಗೆ. ಎಲ್ಲರೂ ಕೈ ಮುಗಿದು ನಿಂತದ್ದು ಡ್ರೈವ್‌ವೇ ಮೇಲೆ. ಶಿವರಾಜು ಫೋಟೋಗೆ ಗತ್ತು ಬರಲಿ ಎಂದು ಕುದುರೆಯನ್ನು ಹಿಂದಕ್ಕೆಳೆದು ನಿಲ್ಲಿಸಿದರು. ನಳಿಗೆಗೆ ಅರಿಶಿನ, ಕುಂಕುಮ. ಬಾಯಿಗೆ ಒಂದು ಕೆಂಪು ದಾಸವಾಳ. ಊದುಬತ್ತಿ ಸಿಕ್ಕಿಸಿದ್ದ ಬಾಳೆಹಣ್ಣು ಕಳಿತು ಹೋಗಿತ್ತು. ಊದುಬತ್ತಿ ಬಾಗಿ ಬಾಗಿ ರೇಷ್ಮೆಯ ಮೇಲೆ ಬೀಳಹೋಗುತ್ತಿತ್ತು. ಬೆಂಕಿಯ ವಿಷಯದಲ್ಲಿ ನಾನು ಬಹಳ ಹುಷಾರಿ. ಸುತ್ತ ನೋಡಿದೆ. ಕೇಪು ಕೂರಿಸುವ ಆ ಪುಟ್ಟ ಕೊಳವೆ ಕಾಣಿಸಿತು. ಊದುಬತ್ತಿಯ ಕಡ್ಡಿ ಅದರೊಳಗೆ, ಅದಕ್ಕೆಂದೇ ಮಾಡಿಸಿದ ಹಾಗೆ, ನೆಟ್ಟಗೆ ಕೂತಿತು. "ನೋಡಿ, ಇಂಜಿನಿಯರ್ ತಲೆ ಅಂದ್ರೆ ಇದು" ಎಂದರು ಶಿವರಾಜು.

ಆ ಹೊತ್ತಿಗೆ ಅತ್ತೆ ಒಳಗಿನಿಂದ ಆರತಿ ತಟ್ಟೆ ಹಿಡಿದು ಬಂದರು. ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಈ ಅತ್ತೆ ಆರು ತಿಂಗಳಿಗೆಂದು ಬಂದವರು, ಬಂದ ಒಂದೇ ವಾರಕ್ಕೆ ಇಲ್ಲಿ ಮಾತಾಡಿಸುವುದಕ್ಕೆ ಜನವೇ ಇಲ್ಲ ಎಂದು ತೀರ್ಮಾನಿಸಿ ಮೌನವಾಗಿದ್ದವರು. ಮೇಜಿನ ಹತ್ತಿರ ಬಂದು ನಿಂತರು. ತಟ್ಟೆಯ ಕರ್ಪೂರ ಇನ್ನೂ ಹಚ್ಚಿರಲಿಲ್ಲ.

"ಕಡ್ಡಿ ಹಾಕಿ ನೋಡಿದ್ರಾ?" ಎಂದರು.

"ಯಾವ ಕಡ್ಡಿ ಅತ್ತೆ?"

"ಮೊದ್ಲು ಆ ಊದುಬತ್ತಿ ತೆಗೀರಿ. ದೀಪ ಆರ್ಸಿ. ಅನಘಾ, ಬಾ ಈ ಕಡೆ. ಅದ್ರ ಬಾಯ್ ಮುಂದೆ ಯಾರೂ ನಿಂತ್ಕೋಬ್ಯಾಡಿ."

"ಅಯ್ಯೋ ಅತ್ತೆ, ಮ್ಯೂಸಿಯಂ ಪೀಸು ಅದು. ಮೂರ್ತಿ ಎಲ್ಲಾ ಚೆಕ್ ಮಾಡವ್ರೆ" ಎಂದು ಶಿವರಾಜು ನಕ್ಕರು.

ಅತ್ತೆ ನಗಲಿಲ್ಲ. "ನಮ್ಮಪ್ಪ ದಫೇದಾರ್ರು. ಎಲೆಕ್ಷನ್ ಬಂದಾಗೆಲ್ಲ ಹಳ್ಳಿಯೋರು ಕೋವಿ ತಂದು ಸ್ಟೇಷನ್ನಿಗೆ ಒಪ್ಪಿಸ್ಬೇಕಿತ್ತು. ಹೊಲಕ್ಕೆ ಹಂದಿ ಬರ್ದಂಗೆ ಕಾಯೋ ಕೋವಿಗಳು, ಹಿಂಗೇ ಇರೋವು. ಎಲ್ರೂ ಹೇಳ್ತಿದ್ದಿದ್ದು ಒಂದೇ, ಖಾಲಿ ಐತೆ ಸ್ವಾಮಿ ಅಂತ. ನಮ್ಮಪ್ಪ ಕಡ್ಡಿ ಹಾಕ್ದೆ ಒಂದನ್ನೂ ಒಳಗ್ ಇಸ್ಕೊಂಡವ್ರಲ್ಲ. ನೀವ್ಯಾರೂ ಹಾಕ್ಲಿಲ್ವಾ?"

ಅಂತೂ ಕೋವಿಯನ್ನು ಹಿತ್ತಲಿಗೆ ಒಯ್ದೆವು. ಅತ್ತೆ ಹೇಳಿದಂತೆ ಮೂತಿಯನ್ನು ಹಿಂದಿನ ಬೋಳುಗುಡ್ಡದ ಮಣ್ಣಿಗೆ ತಿರುಗಿಸಿದೆವು. ಕುದುರೆಯನ್ನು ಯಾರೂ ಮುಟ್ಟಲಿಲ್ಲ. ನಾನು ಪಕ್ಕಕ್ಕೆ ನಿಂತು, ಅಂಗೈ ಬಾಯಿಗೆ ಅಡ್ಡ ಬರದ ಹಾಗೆ ಎರಡೇ ಬೆರಳಲ್ಲಿ ಹಿಡಿದು, ನಳಿಗೆಯ ಅಡಿಯಲ್ಲೇ ಸಿಕ್ಕಿಸಿದ್ದ ಗಜದ ಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಟ್ಟೆ. ಅದು ಹೋಗಿ ನಿಂತಿತು. "ಬಾಯಿಗೆ ಸರಿಯಾಗಿ ಕಡ್ಡೀಗೆ ಒಂದು ಬೊಟ್ಟಿಡಿ" ಎಂದು ಅತ್ತೆ ಕುಂಕುಮದ ಭರಣಿ ಚಾಚಿದರು. ಇಟ್ಟೆ. ಕಡ್ಡಿ ಹೊರಗೆಳೆದು, ಕುಂಕುಮದ ಗುರುತನ್ನು ಬಾಯಿಗೆ ಹೊಂದಿಸಿ, ನಳಿಗೆಯ ಹೊರಮೈಗೆ ಒರಗಿಸಿ ಹಿಡಿದೆ. ನಳಿಗೆ ಖಾಲಿಯಿದ್ದರೆ ಕಡ್ಡಿಯ ತುದಿ ಆ ಪುಟ್ಟ ಕೊಳವೆಯ ಬುಡದವರೆಗೆ ಬರಬೇಕು. ಬರಲಿಲ್ಲ. ಮೂರು ಬೆರಳು ಈಚೆಗೇ ನಿಂತಿತು. ನಾನು ಟೇಪು ತಂದು ಅಳೆದೆ. ಎರಡೂವರೆ ಇಂಚು. ಇನ್ನೊಂದು ಸಲ ಅಳೆದೆ. ಆ ಎರಡೂವರೆ ಇಂಚಿನಲ್ಲಿ ಏನೋ ಕೂತಿತ್ತು. ಅದರ ಒಂದು ತುದಿಗೆ ನಾನು ಬೆಂಕಿ ಇಟ್ಟಿದ್ದೆ. ಇನ್ನೊಂದು ತುದಿಯ ನೇರಕ್ಕೆ ಹೊಸ ಲಂಗ ಉಟ್ಟು ನನ್ನ ಮಗಳು ನಿಂತಿದ್ದಳು.

ಕೋಪದ ವಿಷಯಕ್ಕೆ ಬರುತ್ತೇನೆ. ಶಿವರಾಜು ಎರಡು ನಿಮಿಷ ಬೆವರಿ, ಮೂರನೆಯ ನಿಮಿಷಕ್ಕೆ ಡ್ರಿಲ್ಲು ತಂದರು. "ಉದ್ದನೇ ಡ್ರಿಲ್ ಬಿಟ್ ಹಾಕಿ ಕೊರೆದ್ರೆ ಆಚೆ ಬಂದ್ಬಿಡುತ್ತೆ ಕಣ್ರೀ." ಮದುವೆಯಾದಾಗಿನಿಂದ ನಾನು ಷಡ್ಡಕರಿಗೆ ಏರುದನಿಯಲ್ಲಿ ಮಾತನಾಡಿದವನಲ್ಲ. ಅಂದು ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಅಕ್ಕಪಕ್ಕದವರಿಗೆ ಕನ್ನಡ ಬರುವುದಿಲ್ಲವೆಂಬುದೊಂದೇ ಸಮಾಧಾನ. ಕೋವಿ ಶೋಕಿಯವರ ಆನ್‌ಲೈನ್ ಗುಂಪೊಂದರಲ್ಲಿ ಕೇಳಿದರೆ, ಒಬ್ಬ ಮಹಾನುಭಾವ "ಹಾರಿಸಿಬಿಡಿ, ಖಾಲಿಯಾಗುತ್ತದೆ" ಎಂದು ಬರೆದು ನಗುವ ಮುಖ ಹಾಕಿದ್ದ. ಶತಮಾನ ದಾಟಿದ ಕಬ್ಬಿಣ, ಒಳಗೆ ಎಷ್ಟು ಮದ್ದಿದೆಯೋ ಯಾರಿಗೂ ತಿಳಿಯದು, ಹಾರಿಸಿಬಿಡಬೇಕಂತೆ! ನಗುವ ಮುಖವಂತೆ!

ಕೊನೆಗೆ ಹಳೆಯ ಕೋವಿಗಳನ್ನೇ ರಿಪೇರಿ ಮಾಡುವ ಮುದುಕರೊಬ್ಬರು ಲಿವರ್‌ಮೋರ್ ಕಡೆಯಿಂದ ಟ್ರಕ್ಕಿನಲ್ಲಿ ಬಂದರು. ಮೊದಲು ಕುದುರೆಯನ್ನು ಹೆಬ್ಬೆರಳಲ್ಲಿ ತಡೆದು ನಿಧಾನವಾಗಿ ಇಳಿಸಿದರು. ಆಮೇಲೆ ಕೋವಿಯ ಮೇಲಿನ ಬೂದಿಯನ್ನು ನೋಡಿ, "ಹತ್ತಿರದಲ್ಲಿ ಬೆಂಕಿಯೇನಾದರೂ ಇತ್ತೇ?" ಎಂದು ಕೇಳಿದರು.

"ಸ್ವಲ್ಪ ಧೂಪ" ಎಂದರು ಶಿವರಾಜು.

ಮುದುಕರು ಪಕ್ಕಕ್ಕೆ ತೆಗೆದಿಟ್ಟಿದ್ದ ದಾಸವಾಳವನ್ನೂ ನೋಡಿದರು, ನನ್ನನ್ನೂ ನೋಡಿದರು, ಕೋವಿಯನ್ನು ಟ್ರಕ್ಕಿಗೆ ಹಾಕಿಕೊಂಡು ಹೊರಟರು. ಮಾರನೆಯ ದಿನ ತಮ್ಮ ಶೆಡ್ಡಿಗೆ ಕರೆದು ತೋರಿಸಿದರು. ಬೆಂಕಿಯ ಸಹವಾಸವಿಲ್ಲದೆ, ಗಾಳಿಯ ಒತ್ತಡದಿಂದ ಹೊರಕ್ಕೆ ತಳ್ಳಿದ್ದರಂತೆ. ಮಕ್ಕಳಾಡುವ ಗೋಲಿಯಷ್ಟು ದಪ್ಪದ ಸೀಸದ ಗುಂಡು, ಒಂದು ಚಿಂದಿ ಬಟ್ಟೆ, ಎರಡು ಚಮಚದಷ್ಟು ಕರಿಮದ್ದು. ಈ ಮದ್ದು ಒಣಗಿದ್ದರೆ ಎಷ್ಟು ಕಾಲವಾದರೂ ಸಾಯುವುದಿಲ್ಲ ಎಂದರು. ಅಂಗಳದ ಕಲ್ಲಿನ ಮೇಲೆ ಒಂದು ಚಿಟಿಕೆ ಇಟ್ಟು, ದೂರದಿಂದ ಉದ್ದನೆಯ ಕಡ್ಡಿಯಲ್ಲಿ ಕಿಡಿ ಮುಟ್ಟಿಸಿದರು. ಬುಸ್ ಎಂದಿತು. ಒಂದು ಚಿಟಿಕೆ! ಹೊಗೆ ಹೋಗುವವರೆಗೂ ನಾನೂ ಶಿವರಾಜು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಲ್ಲಿಂದ ಷಡ್ಡಕರ ಮನೆಗೆ ಬರುವವರೆಗೂ ಫ್ರೀವೇ ಉದ್ದಕ್ಕೂ ನಾನು ಆ ಮಾರಿದವನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಮನೆಯಲ್ಲಿ ಎಲ್ಲರೂ ಹಾಲ್‌ನಲ್ಲಿ ಕಾಯುತ್ತಾ ಕೂತಿದ್ದರು. "ಬಿಡ್ಬೇಡಿ ಮೂರ್ತಿ, ನೀರಿಳಿಸಿ ಅವ್ನಿಗೆ" ಎಂದರು ಶಿವರಾಜು. ನಾನು ಲ್ಯಾಪ್‌ಟಾಪು ಹಿಡಿದು ಹಿತ್ತಲಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡೆ. ಫೋನು ಎತ್ತಿದವನಿಗೆ ಉಸಿರಾಡಲು ಬಿಡದೆ ಶುರು ಮಾಡಿದೆ. ನನ್ನ ಮಗಳ ವಯಸ್ಸು, ಅವಳು ನಿಂತ ದೂರ, ಗುಂಡಿನ ಅಳತೆ, ಒಂದನ್ನೂ ಬಿಡಲಿಲ್ಲ. ಬಲಗೈ ಎತ್ತಿ ಆಡಿಸುತ್ತಿದ್ದೆ. ಗಾಜಿನಾಚೆ ಅಷ್ಟೂ ಮುಖಗಳು ನನ್ನನ್ನೇ ನೋಡುತ್ತಿದ್ದವು.

ಅವನು ಕೊನೆಯವರೆಗೂ ಕೇಳಿಸಿಕೊಂಡ. "ಮಗು ಕ್ಷೇಮವೇ, ಸರ್?" ಎಂದ. ಹೌದು ಎಂದೆ. "ದೇವರು ದೊಡ್ಡವನು. ನಾನು ಹಾಕಿದ್ದ ಜಾಹೀರಾತಿನ ಕೊನೆಯ ಸಾಲು ನೀವು ಓದಿದ್ದಿರಾ, ಸರ್?"

ಲ್ಯಾಪ್‌ಟಾಪು ತೆರೆದೆ. ನಳಿಗೆಯೊಳಗೆ ಮದ್ದಿದೆಯೇ ಎಂದು ನಾವು ಪರೀಕ್ಷಿಸಿಲ್ಲ, ಮುಟ್ಟುವ ಮೊದಲು ಬಲ್ಲವರಿಂದ ಕಡ್ಡಿ ಹಾಕಿಸಿ ನೋಡಿ ಎಂದು ದಪ್ಪ ಅಕ್ಷರದಲ್ಲಿತ್ತು. ಓದಿಲ್ಲವೆಂದು ಹೇಳೋಣವೆಂದರೆ, ಆ ಸಾಲನ್ನು ನಾನೇ ಎತ್ತಿ ನನ್ನ ಪಟ್ಟಿಯ ಮೂವತ್ತೊಂದನೆಯ ಸಾಲಾಗಿ ಸೇರಿಸಿದ್ದೆ. ಅದರ ಮುಂದೆ "ಅನ್ವಯಿಸುವುದಿಲ್ಲ, ಅಲಂಕಾರಕ್ಕೆ ಮಾತ್ರ" ಎಂದು ತುಂಬಿ ಹಸಿರು ಬಣ್ಣ ಬಳಿದಿದ್ದೆ. ಆಫೀಸಿನಲ್ಲಿ ಯಾರಾದರೂ ಹಾಗೆ ಬರೆದು ತಂದರೆ ನಾನು ಅವರನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಪಾಠ ಹೇಳುತ್ತೇನೆ.

ಎತ್ತಿದ್ದ ಬಲಗೈಯನ್ನು ಇಳಿಸಿದೆ. ಫೋನಿನಲ್ಲಿ ಇನ್ನೆರಡು ನಿಮಿಷ ಮಾತು ನಡೆಯಿತು. ಒಳಗೆ ಬಂದೆ.

"ಏನಂದ?" ಎಂದರು ಶಿವರಾಜು.

"ಕ್ಷಮೆ ಕೇಳಿದ್ದಾಯ್ತು" ಎಂದೆ. ಇಷ್ಟು ವರ್ಷ ನಾನು ಬರೆದ ವರದಿಗಳಲ್ಲಿ ಇಷ್ಟು ನಿಖರವಾದ ವಾಕ್ಯ ಇನ್ನೊಂದಿಲ್ಲ.

"ನಾನು ಹೇಳ್ಲಿಲ್ವಾ! ಮೂರ್ತಿ ಜೋರು ಮಾಡಿದ್ರೆ ಎಂಥೋರೂ ಬಗ್ತಾರೆ" ಎಂದು ಷಡ್ಡಕರು ನನ್ನ ಬೆನ್ನು ತಟ್ಟಿದರು. ಸುಮಾ ಹೆಮ್ಮೆಯಿಂದ ನೋಡಿದಳು. ಅತ್ತೆ ಮಾತ್ರ ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು.

"ಸದ್ಯ" ಎಂದರು, ಅಡುಗೆಮನೆಯ ಕಡೆಗೆ ತಿರುಗುತ್ತಾ. "ಯಾರಾದ್ರೂ ಒಬ್ರು ಕೇಳ್ಬೇಕಾಗಿತ್ತು."