ನಮ್ಮ ಕಾಕಾನ ಲಿಂಕಿನ ವ್ಯವಹಾರ

ನಮ್ಮ ಕಾಕಾ ಜೀವನದಲ್ಲಿ ಯಾರಿಗೂ ಪುಕ್ಕಟೆ ನಮಸ್ಕಾರ ಮಾಡಿದವರಲ್ಲ. ಎದುರಿಗೆ ಬಂದವನ ಕೈ ಮೇಲೇಳುವವರೆಗೆ ತಮ್ಮ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಕಾಯುವರು. ಎದುರಿನವನದೂ ಅದೇ ಸ್ವಭಾವವಾದರೆ ಇಬ್ಬರೂ ಹುಬ್ಬಳ್ಳಿಯ ಕಮರಿಪೇಟೆಯ ಓಣಿಯಲ್ಲಿ ನಿಂತು ಮೋಡ ನೋಡುವರು. ಇಂಥವರ ಕೈಗೆ ಇಂಟರ್‌ನೆಟ್ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಅದರ ಪೆಟ್ಟು ತಿಂದವರು ಮಾತ್ರ ಅವರ ಹೆಂಡತಿ, ನಮ್ಮ ಕಾಕು.

ಕಾಕು ಅಡುಗೆಯ ಬಗ್ಗೆ ಬರೆಯುತ್ತಿದ್ದರು. ಅದಕ್ಕೆಂದು ನಾನೇ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅಡುಗೆ ಬರೀ ನೆಪ. ಅವರು ಬರೆಯುತ್ತಿದ್ದುದು ತೀರಿಹೋದ ತಮ್ಮ ಅವ್ವನ ಬಗ್ಗೆ. ಅಮ್ಮಿನಬಾವಿಯ ಆ ಮುದುಕಿ ಶೇಂಗಾ ಹುರಿಯುವಾಗ ಯಾರೊಂದಿಗೂ ಮಾತಾಡುತ್ತಿರಲಿಲ್ಲವಂತೆ. ಯಾರೊಂದಿಗಾದರೂ ಜಗಳವಾದ ದಿನ ಅವಳ ಹೋಳಿಗೆ ದಪ್ಪ ಬರುತ್ತಿತ್ತಂತೆ. ಓದಿದವರು ತಮ್ಮ ತಮ್ಮ ಅವ್ವಂದಿರ ಕಥೆ ಬರೆದು ಕಳಿಸುತ್ತಿದ್ದರು. ಮಧ್ಯಾಹ್ನ ಭಾಂಡೆ ತೊಳೆದಿಟ್ಟು, ಅವಕ್ಕೆಲ್ಲ ಉತ್ತರ ಬರೆಯುವುದೇ ಕಾಕುವಿನ ಸುಖ.

ಹೆಂಡತಿಯ ಸೈಟನ್ನು ಇಷ್ಟು ಜನ ಓದುತ್ತಾರೆಂದಮೇಲೆ ಕಾಕಾ ಸುಮ್ಮನಿರುವುದುಂಟೇ? ಹುಬ್ಬಳ್ಳಿಯಲ್ಲೇ ಯಾವುದೋ ತರಬೇತಿಗೆ ಹೋಗಿ ಒಂದು ಜ್ಞಾನ ತಂದರು. ಬೇರೆ ಸೈಟುಗಳು ತಮ್ಮ ಪುಟದಲ್ಲಿ ನಮ್ಮ ಸೈಟಿನ ಲಿಂಕ್ ಹಾಕಿದಷ್ಟೂ, ಹುಡುಕುವ ಯಂತ್ರ ನಮ್ಮನ್ನು ದೊಡ್ಡವರೆಂದು ನಂಬಿ ಮೇಲಿನ ಸಾಲಿನಲ್ಲಿ ತೋರಿಸುತ್ತದಂತೆ. ಅಂದರೆ ನೀ ನನ್ನ ಲಿಂಕ್ ಹಾಕು, ನಾ ನಿನ್ನದು ಹಾಕುತ್ತೇನೆ. ಕಾಕಾಗೆ ಹೇಳಿ ಮಾಡಿಸಿದ ವ್ಯವಹಾರ! ಸೈಟನ್ನು ಇನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ ಪಾಸ್‌ವರ್ಡ್ ಇಸಿದುಕೊಂಡರು. ಕೆಲವೇ ದಿನಗಳಲ್ಲಿ ಬದನೆಕಾಯಿ ಎಣ್ಣೆಗಾಯಿಯ ಕೆಳಗೆ ‘ನೋವಿಲ್ಲದೆ ಹಲ್ಲು ಕೀಳಿಸಲು ಇಲ್ಲಿ ಒತ್ತಿ’ ಎಂದು ಬಂತು. ಹೋಳಿಗೆಯ ಕೆಳಗೆ ಶೌಚಗುಂಡಿ ಖಾಲಿ ಮಾಡುವವರು ಬಂದು ಕೂತರು. ಇದೇನು ಎಂದು ಕಾಕು ಕೇಳಿದ್ದಕ್ಕೆ, ಉಂಡವರಿಗೆ ಮುಂದೆ ಅದೂ ಬೇಕಾಗುತ್ತದಲ್ಲ ಎಂದು ಕಾಕಾ ಸಮಜಾಯಿಷಿ ಕೊಟ್ಟರು. ನಾವೆಲ್ಲ ನಕ್ಕೆವು. ಕಾಕು ನಗಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಇದು ನಗುವ ಕಥೆಯಾಗಿಯೇ ಉಳಿಯುತ್ತಿತ್ತು. ಲಿಂಕ್ ಹಾಕುವ ಸೈಟುಗಳು ಸಾಲವೆಂದು ಕಾಕಾ ತಾವೇ ಊರಿಗೊಂದು ಸೈಟು ತೆರೆದರು. ಎಲ್ಲದರಲ್ಲೂ ಕಾಕುವಿನ ಬರಹವೇ; ಊರಿನ ಹೆಸರು ಮಾತ್ರ ಬೇರೆ. ಅಮ್ಮಿನಬಾವಿ ಇದ್ದಲ್ಲೆಲ್ಲ ಒಂದರಲ್ಲಿ ಬಳ್ಳಾರಿ, ಇನ್ನೊಂದರಲ್ಲಿ ಬೀದರ, ಮತ್ತೊಂದರಲ್ಲಿ ವಿಜಯಪುರ. ಲಿಂಕಿನ ಗೆಳೆಯರಿಗೂ ಅದೇ ಬರಹಗಳನ್ನು ಧಾರಾಳವಾಗಿ ಹಂಚಿದರು. ಹಲ್ಲಿನ ಡಾಕ್ಟರ ಸೈಟಿನಲ್ಲೂ ಹೋಳಿಗೆ ಬೆಂದಿತು.

ಒಂದು ದಿನ ಕಾಕು ಇದನ್ನೆಲ್ಲ ಓದಿ ಗಂಡನ ಮುಂದೆ ಬಂದು ನಿಂತರು. “ನಮ್ಮವ್ವನ್ನ ಇನ್ನೂ ಎಷ್ಟ ಊರಾಗ ಹುಟ್ಟಸ್ತೀರಿ?”

“ಹುಟ್ಟಿದಷ್ಟೂ ಛಲೋನ,” ಎಂದರು ಕಾಕಾ, ತಲೆ ಎತ್ತದೆ. “ಮಂದಿ ಓದ್ತಾರ.”

ಹುಡುಕುವ ಯಂತ್ರಕ್ಕೆ ಯಾರ ಅವ್ವ ಯಾರು ಎಂದು ಹೇಗೆ ತಿಳಿಯಬೇಕು? ಒಂದೇ ಬರಹ ಹತ್ತಾರು ಕಡೆ ಕಂಡರೆ ಅದು ಒಂದನ್ನು ಇಟ್ಟುಕೊಂಡು ಉಳಿದವನ್ನು ಹಿಂದೆ ತಳ್ಳುತ್ತದೆ. ಅದು ಇಟ್ಟುಕೊಂಡದ್ದು ಹಲ್ಲಿನ ಡಾಕ್ಟರ ಪುಟವನ್ನು! ಬರೆದವರ ಸೈಟು ಹುಡುಕಿದರೂ ಸಿಗದಂತಾಯಿತು. ಅದನ್ನು ಹೇಗೋ ಹುಡುಕಿಕೊಂಡು ಬಂದ ಬೆಳಗಾವಿಯ ಹೆಣ್ಣುಮಗಳೊಬ್ಬಳು, ಇನ್ನೊಬ್ಬರದನ್ನು ಕದ್ದು ತನ್ನ ಅವ್ವನ ಕಥೆ ಅನ್ನಲು ನಾಚಿಕೆಯಾಗುವುದಿಲ್ಲವೇ ಎಂದು ಬರೆದಳು. ಕಾಕು ಅದನ್ನು ಓದಿ ಫೋನನ್ನು ಬೋರಲು ಹಾಕಿದರು.

ಕಾಕು ಕದ್ದು ಬರೆದರೆಂಬ ಸುದ್ದಿ ಬಂಧುಗಳಿಗೂ ಮುಟ್ಟಿತು. ಬೆಂಗೇರಿಯಲ್ಲಿ ಕೂಸೊಂದರ ತೊಟ್ಟಿಲು ಕಾರ್ಯ. ಊಟಕ್ಕೆ ಕೂತಾಗ ನಮ್ಮ ಅತ್ತೆ, ಅಂದರೆ ಕಾಕಾನ ಅಕ್ಕ, ಎಲ್ಲರೆದುರು ಕೇಳಿಯೇಬಿಟ್ಟರು: “ಖರೇ ಹೇಳವಾ, ಎಲ್ಲಿಂದ ನೋಡಿ ಬರದಿದ್ದಿ?”

ಕಾಕು ಗಂಡನ ಮುಖ ನೋಡಿದರು. ಊರಿನ ಹಲ್ಲು, ಗುಂಡಿಗಳಿಗೆಲ್ಲ ಶಿಫಾರಸು ಮಾಡಿದ ಮನುಷ್ಯ, ಹೆಂಡತಿಗಾಗಿ ಒಂದು ಮಾತು ಆಡಬೇಕಾದಾಗ ಅನ್ನ ಸಾರು ಕಲಸುತ್ತ ಕೂತರು. ತಪ್ಪು ಒಪ್ಪಿದರೆ ಅಕ್ಕನೆದುರು ಮರ್ಯಾದೆ ಹೋಗುತ್ತದಲ್ಲ!

ಅಂದಿನಿಂದ ಕಾಕು ಬರೆಯುವುದನ್ನು ಬಿಟ್ಟರು, ಗಂಡನೊಡನೆ ಮಾತನ್ನೂ ಬಿಟ್ಟರು. ಹೊತ್ತಿಗೆ ಸರಿಯಾಗಿ ಚಹಾ ಬರುತ್ತಿತ್ತು, ರೊಟ್ಟಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆ ಮನೆಗೆ ಹೋದಾಗ ನಾನೂ ಕಾಕಾನ ಕೋಣೆಯ ಕಡೆ ಹಾಯುತ್ತಿರಲಿಲ್ಲ. ನಗಿಸಬೇಕೆಂದು ಶುರುಮಾಡಿದ ಕಥೆ, ನಿಜ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ನನ್ನ ಬಾಯಿ ಕಹಿಯಾಗುತ್ತದೆ.

ಕಾಕಾ ಸುಮ್ಮನೆ ಕೂತಿರಲಿಲ್ಲವೆಂದು ತಿಳಿದದ್ದು ತಡವಾಗಿ. ತಮ್ಮ ಸೈಟುಗಳನ್ನೆಲ್ಲ ಅಳಿಸಿಹಾಕಿದ್ದರು. ಬರಹ ಹಂಚಿದ್ದವರ ಬಳಿಗೆಲ್ಲ ಹೋಗಿ, ದಯವಿಟ್ಟು ತೆಗೆಯಿರೆಂದು ಕೇಳಿಕೊಂಡಿದ್ದರು. ಶೌಚಗುಂಡಿಯವರು ಮರುಮಾತಿಲ್ಲದೆ ತೆಗೆದರು. ಡಾಕ್ಟರು ಮಾತ್ರ, ಅದನ್ನು ಓದಲು ಬಂದವರೇ ನನ್ನ ರೋಗಿಗಳಾಗುತ್ತಿದ್ದಾರೆ ಎಂದು ನಕ್ಕು ಕಳಿಸಿದರು. ಇವತ್ತಿಗೂ ಹುಡುಕಿದರೆ ಮೊದಲು ಬರುವುದು ಅವರ ಪುಟವೇ.

ಮೊನ್ನೆ ನಮ್ಮ ಮನೆಯಲ್ಲಿ ಬಸುರಿ ತಂಗಿಯ ಕುಬುಸ, ಅಂದರೆ ಸೀಮಂತ, ಇತ್ತು. ಅದೇ ಬಂಧುಗಳು, ಅದೇ ಅತ್ತೆ. ಎಲೆ ಹಾಕಿ ಬಡಿಸಲು ಶುರುಮಾಡಿದ್ದೆವು. ಪಂಕ್ತಿಯ ನಡುವೆ ಕಾಕಾ ಎದ್ದು ನಿಂತರು. ನೀರು ಬೇಕೇನೋ ಅಂದುಕೊಂಡೆ.

“ಆ ಬರಹ ಎಲ್ಲಾ ಈಕಿದು,” ಎಂದರು. “ಕದ್ದು ಹಂಚಿದಾಂವ ನಾನು. ಅವತ್ತು ಅಕ್ಕ ಕೇಳಿದಾಗ ಸುಮ್ಮನ ಕುಂತೆ. ಅದು ಇನ್ನೂ ದೊಡ್ಡ ಕಳವು.”

ಯಾರೋ ಕೆಮ್ಮಿದರು. ಅತ್ತೆ ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ಸರಿಸುತ್ತ ಕೂತರು. ಕಾಕಾ ಕೆಳಗೆ ಕೂತು, ತಲೆಯನ್ನು ಎಲೆಗೆ ತಾಗುವಷ್ಟು ಬಗ್ಗಿಸಿದರು.

ಸಿಹಿ ಮಾದಲಿಯ ಬುಟ್ಟಿ ಹಿಡಿದು ಬಡಿಸುತ್ತ ಬರುತ್ತಿದ್ದ ಕಾಕು ಗಂಡನ ಎಲೆಯ ಮುಂದೆ ನಿಂತರು. ಮುಂದೆ ಹೋಗಿಬಿಡುತ್ತಾರೆ ಎಂದೇ ನಾನು ತಿಳಿದೆ.

“ತಲಿ ಎತ್ತರಿ,” ಎಂದರು, ಮೆಲ್ಲಗೆ. “ಹಿಂಗ ಎಲಿ ತುಂಬ ನೀವ ಇದ್ರ ನಾ ಎಲ್ಲಿ ಬಡಸ್ಲಿ?”

ಕಾಕಾ ತಲೆ ಎತ್ತಿದರು. ಅವರು ಕಣ್ಣು ಒರೆಸಿಕೊಳ್ಳುವವರೆಗೆ ಕಾಕು ಬುಟ್ಟಿ ಹಿಡಿದುಕೊಂಡು ಅಲ್ಲಿಯೇ ಕಾದರು.