ಜಾರುಮೆಟ್ಟಿಲ ಮೊಕದ್ದಮೆ

ಗಡಿಯಾರ ರಿಪೇರಿಯವನು ಜಾರಿ ಬಿದ್ದದ್ದು ಬೆಳಿಗ್ಗೆ ಸರಿಯಾಗಿ ಒಂಬತ್ತೂಕಾಲಿಗೆ. ಅವನ ಅಂಗಡಿಯ ಹದಿನೇಳು ಗಡಿಯಾರಗಳು ಹದಿನೇಳು ಹೊತ್ತು ತೋರಿಸುತ್ತಿದ್ದರೂ ಈ ಹೊತ್ತಿನ ಬಗ್ಗೆ ಅನುಮಾನವಿರಲಿಲ್ಲ. ಬಿದ್ದ ಏಟಿಗೆ ಕೈಗಡಿಯಾರ ಅಲ್ಲಿಗೇ ನಿಂತುಹೋಗಿತ್ತು.

ಅವನ ಅಂಗಡಿಗೂ ಪಕ್ಕದ ಫೋಟೋ ಸ್ಟುಡಿಯೋಕ್ಕೂ ನಡುವೆ ಒಂದು ಕಲ್ಲಿನ ಮೆಟ್ಟಿಲು. ತುಳಿದು ತುಳಿದು ಕನ್ನಡಿಯಂತಾಗಿತ್ತು. ಸ್ಟುಡಿಯೋಕ್ಕೆ ಹೋಗುವವರೇ ಅದನ್ನು ಹೆಚ್ಚು ತುಳಿಯುತ್ತಿದ್ದರಿಂದ ಅದು ಸ್ಟುಡಿಯೋದ್ದೇ ಎಂದು ಬೀದಿಗೆ ಬೀದಿಯೇ ನಂಬಿತ್ತು. ಗಡಿಯಾರದವನು ಅದರ ಮೇಲೆ ಕಾಲಿಟ್ಟ, ಜಾರಿದ, ಹಿಟ್ಟಿನ ಮೂಟೆಯಂತೆ ಕುಕ್ಕರಿಸಿದ.

"ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ಏಳಹೊರಟವನನ್ನು ಎದುರಂಗಡಿಯ ಕ್ಷೌರಿಕ ಓಡಿಬಂದು ಮತ್ತೆ ಕೂರಿಸಿದ. "ಏಳಬೇಡಿ ಅಣ್ಣಾ! ನೀವು ಎದ್ರೆ ಕೇಸು ಬಿದ್ದುಹೋಗುತ್ತೆ!"

"ಯಾವ ಕೇಸಯ್ಯಾ?"

ಇದಕ್ಕೆ ಉತ್ತರ ಅರ್ಧ ಗಂಟೆಯಲ್ಲಿ ಕಪ್ಪು ಕೋಟು ತೊಟ್ಟು ಬಂತು. ಗಡಿಯಾರದವನ ಹೆಂಡತಿಯ ಸೋದರಮಾವ. ವೃತ್ತಿಯಲ್ಲಿ ವಕೀಲ, ಆದರೆ ಕಕ್ಷಿದಾರರ ಮುಖ ಕಂಡು ವರ್ಷಗಳಾಗಿದ್ದವು.

"ಅಳಿಯಂದ್ರೇ, ನೋವಿದೆಯಾ?"

"ಸೊಂಟ ಸ್ವಲ್ಪ..."

"ಸ್ವಲ್ಪ ಅನ್ನೋ ಪದ ಕಾನೂನಲ್ಲಿಲ್ಲ. ಕಟ್ರೀ ಬ್ಯಾಂಡೇಜು!"

ಹೆಂಡತಿ ಹಳೇ ದುಪ್ಪಟಿ ಹರಿದು ಸೊಂಟಕ್ಕೆ ಸುತ್ತಿದಳು. ಕ್ಷೌರಿಕ ಮೊಣಕೈಗೆ ಸುತ್ತಿದ. ಮೂಲೆಯಂಗಡಿಯ ಟೈಲರಮ್ಮ ತಲೆಗೇ ಕೈಹಾಕಿದಳು. ತಲೆಗೆ ಏಟಾಗಿಲ್ಲವೆಂದು ಹೇಳಹೋದರೆ ಬಾಯಿಗೂ ಒಂದು ಸುತ್ತು ಬಿತ್ತು.

ಗಲಾಟೆ ಕೇಳಿ ಸ್ಟುಡಿಯೋದವನು ಹೊರಗೆ ಬಂದ. "ಒಬ್ರು ಬಿದ್ದ ಮಾತ್ರಕ್ಕೆ ಮೆಟ್ಟಿಲಿಂದೇ ತಪ್ಪಾಗುತ್ತೇನ್ರೀ? ಕಣ್ಣು ಬಿಟ್ಕೊಂಡು ನಡೀಬೇಕು."

"ಒಬ್ರೇ?" ಮಾವನ ಕಣ್ಣು ಮಿಂಚಿತು. "ಇಲ್ಲಿ ಮುಂಚೆ ಬಿದ್ದವರು ಯಾರಿದೀರಿ? ಬನ್ನಿ, ಬರೆಸಿ!"

"ನಾನು ಮೂರು ಸಲ ಬಿದ್ದಿದೀನಿ" ಎಂದ ಕ್ಷೌರಿಕ.

"ನಾನು ಐದು! ಒಂದ್ಸಲ ಕತ್ತರಿ ಸಮೇತ" ಎಂದಳು ಟೈಲರಮ್ಮ.

ನೋಡನೋಡುತ್ತ ಸಾಲು ಬೆಳೆಯಿತು. ಆ ಮೆಟ್ಟಿಲು ಹತ್ತದವರೂ ಅದರಿಂದ ಬಿದ್ದಿದ್ದರು. ಮಾವ ಒಬ್ಬೊಬ್ಬರ ಹೇಳಿಕೆ ಬರೆದು ಹೆಬ್ಬೆರಳಷ್ಟು ದಪ್ಪದ ಸಹಿ ಹಾಕಿಸಿಕೊಂಡರು. ಒಟ್ಟು ಒಂಬತ್ತು ಜನ. ಗಡಿಯಾರದವನಿಗೂ ಈಗ ಹುರುಪು ಬಂತು. ಬಾಯಿಯ ಬಟ್ಟೆ ಕೆಳಗೆಳೆದು, "ಇನ್ನೂ ಜೋರಾಗಿ ಬರೆಸಿ! ಮೂಳೆ ಮುರೀತು ಅಂತ ಬರೆಸಿ!" ಎಂದು ತಾನೇ ಹುರಿದುಂಬಿಸತೊಡಗಿದ.

ಕೊನೆಗೆ ಮಾವ ಒಪ್ಪಂದವೊಂದನ್ನು ಬರೆದು ಗಟ್ಟಿಯಾಗಿ ಓದಿದರು: "ಈ ಮೆಟ್ಟಿಲಿನ ಮಾಲೀಕರು ಇದರ ಮೇಲೆ ಜಾರಿ ಬಿದ್ದ ಪ್ರತಿಯೊಬ್ಬರಿಗೂ, ತಕರಾರಿಲ್ಲದೆ, ಪರಿಹಾರ ಕೊಡತಕ್ಕದ್ದು."

ಸ್ಟುಡಿಯೋದವನು ಕಾಗದವನ್ನು ಎರಡು ಸಲ ಓದಿದ. ಸ್ವಲ್ಪ ಯೋಚಿಸಿದ. "ನ್ಯಾಯವಾಗೇ ಇದೆ" ಎಂದು ಸಹಿ ಹಾಕಿದ. "ಅವರೂ ಹಾಕಲಿ."

ಗಡಿಯಾರದವನು ತನ್ನ ಪೂರ್ತಿ ಹೆಸರನ್ನು ಅರ್ಧ ಪುಟದಗಲ ಬರೆದ. ಬೀದಿ ಚಪ್ಪಾಳೆ ಹೊಡೆಯಿತು. ಕ್ಷೌರಿಕ ಶಿಳ್ಳೆ ಹಾಕಿದ. ನಾಲ್ಕು ಜನ ಅವನನ್ನು ಬ್ಯಾಂಡೇಜು ಸಮೇತ ಹೆಗಲ ಮೇಲೆತ್ತಿಕೊಂಡರು. ಹುಟ್ಟಿದಾರಭ್ಯ ಒಂದು ಓಟದಲ್ಲೂ ಗೆಲ್ಲದವನು ಅಂದು ಬಿದ್ದು ಗೆದ್ದಿದ್ದ! ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಸ್ಟುಡಿಯೋದವನು ಒಳಗಿನಿಂದ ತನ್ನ ಅಂಗಡಿಯ ಕ್ರಯಪತ್ರ ತಂದ. "ವಕೀಲರೇ, ಚಕ್ಕುಬಂದಿ ಓದಿಬಿಡಿ."

ಮಾವ ಕೋರ್ಟಿನ ದನಿಯಲ್ಲಿ ಓದಿದರು: "ಪೂರ್ವಕ್ಕೆ... ಗಡಿಯಾರದಂಗಡಿಯವರು ಹಾಕಿಸಿರುವ, ಅವರ ಸ್ವಂತ ಸೊತ್ತಾದ... ಕಲ್ಲಿನ ಮೆಟ್ಟಿಲು."

"ಅಯ್ಯೋ ಅಪ್ಪಾ!" ಎಂದ ಗಡಿಯಾರದವನು. ಕರೆದದ್ದು ಸರಿಯಾದವರನ್ನೇ. ಆ ಕಲ್ಲು ಹಾಕಿಸಿದ್ದು ಅವನ ಅಪ್ಪನೇ.

ಹೊತ್ತಿದ್ದವರು ಅವನನ್ನು ಮೆಲ್ಲಗೆ ಕೆಳಗಿಳಿಸಿದರು. ಒಂಬತ್ತು ಜನರೂ ಒಮ್ಮೆ ಕಾಗದ ನೋಡಿದರು, ಒಮ್ಮೆ ಅವನನ್ನು ನೋಡಿದರು.

"ಅಣ್ಣಾ, ನಾನು ಮೂರು ಸಲ ಬಿದ್ದಿದ್ದು ನಿಮಗೆ ಗೊತ್ತೇ ಇದೆಯಲ್ಲ" ಎಂದ ಕ್ಷೌರಿಕ, ಬೆಣ್ಣೆಯಂಥ ದನಿಯಲ್ಲಿ.

"ನಂದು ಐದು" ಎಂದಳು ಟೈಲರಮ್ಮ. "ಮೂಳೆ ಮುರೀತು ಅಂತ ನೀವೇ ಬರೆಸಿದ್ರಿ."

"ಮಾವಾ! ಏನಾದ್ರೂ ಮಾಡಿ!"

ಮಾವ ಆಗಲೇ ಒಂಬತ್ತು ಜನರ ನಡುವೆ ನಿಂತು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಮುಖದಲ್ಲಿ ವಿಜಯದ ಕಳೆ.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ನೀವು ಬೇರೆ ವಕೀಲರನ್ನ ನೋಡ್ಕೊಂಡ್ರೆ ಒಳ್ಳೇದು. ಇವರ ಕೇಸು ಭಾರೀ ಗಟ್ಟಿಯಾಗಿದೆ."