ವಾಂಗರಿಗೆ ಒಂದು ಸಂತಾಪ

ಪೇಪರ್ ಓದಿದರೆ ತಿಳಿವಳಿಕೆ ಬರುತ್ತದೆ ಎನ್ನುವವರು ನನ್ನನ್ನು ನೋಡಿದವರಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕತ್ತಿನ ಒಂದು ಪಂಪ್ ಕಂಪನಿಯಲ್ಲಿ ಟೆಲೆಕ್ಸ್ ಆಪರೇಟರ್. ನಮಗೆ ಪಂಪು ಕಳಿಸುತ್ತಿದ್ದವರು ಚೀನಾದ ವಾಂಗ್ ಎಂಬವರು. ಆಫೀಸಿನಲ್ಲಿ ಅವರನ್ನು ಕಂಡವರಿಲ್ಲ. "ಡಿಸೋಜ, ಪೇಪರಿನಲ್ಲಿ ಅವರ ಸುದ್ದಿ ಬಂದರೆ ಕತ್ತರಿಸಿ ಫೈಲಿಗೆ ಹಾಕು" ಎಂದು ಮ್ಯಾನೇಜರು ಹೇಳಿದ್ದೇ ತಡ, ಕತ್ತರಿ ಹಿಡಿದು ಕೂತೆ. ಪೂರ್ತಿ ಹೆಸರು ಓದುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ತಲೆಬರಹದಲ್ಲಿ ವಾಂಗ್ ಎಂದಿದ್ದರೆ ಸಾಕು. ವಾಂಗ್ ಸೇತುವೆ ಉದ್ಘಾಟಿಸಿದರು. ಮರುವಾರ ಪಿಂಗ್‌ಪಾಂಗ್‌ನಲ್ಲಿ ಪದಕ ಗೆದ್ದರು. ತಿಂಗಳೊಳಗೆ ಪಿಯಾನೋ ಕಛೇರಿ ಕೊಟ್ಟು, ಮಂತ್ರಿ ಪದವಿಗೆ ರಾಜೀನಾಮೆಯನ್ನೂ ಕೊಟ್ಟರು. ಮಸ್ಕತ್ತಿನ ಪಕ್ಕದ ಸೀಬ್ ಊರಿನ ನಮ್ಮ ಫ್ಲ್ಯಾಟಿಗೆ ಬಂದವರಿಗೆಲ್ಲ ಚಹಾದ ಜೊತೆ ವಾಂಗರನ್ನೂ ಬಡಿಸಿದೆ.

ಹೆಂಡತಿ ಲಿಲ್ಲಿಗೆ ಮಾತ್ರ ಸಂಶಯ. "ನಿಮಗೆ ಮೀನು ಕ್ಲೀನ್ ಮಾಡ್ಲಿಕ್ಕೆ ಹೇಳಿದ್ರೆ ಪುರ್ಸೊತ್ತಿಲ್ಲ. ಆ ಜನಕ್ಕೆ ಇಷ್ಟೆಲ್ಲ ಮಾಡ್ಲಿಕ್ಕೆ ಹೇಗೆ ಪುರ್ಸೊತ್ತಾಗ್ತದೆ ಮಾರಾಯ್ರೆ?"

"ಚೀನಾದವರು ಶ್ರಮಜೀವಿಗಳು" ಎಂದೆ.

ಒಂದು ಬೆಳಿಗ್ಗೆ ಪೇಪರ್ ಬಿಡಿಸಿದರೆ, ವಾಂಗ್ ನಿಧನ! ಮ್ಯಾನೇಜರು ಸಲಾಲಾಕ್ಕೆ ಹೋಗಿದ್ದರು. ಯಾರನ್ನೂ ಕೇಳದೆ ಕಂಪನಿಯ ಪರವಾಗಿ ಸಂತಾಪದ ಟೆಲೆಕ್ಸ್ ಹೊಡೆದೆ. ಸೇತುವೆ, ಪದಕ, ಪಿಯಾನೋ, ಒಂದನ್ನೂ ಬಿಡಲಿಲ್ಲ. ಲಿಲ್ಲಿ ಪಾಪ, ಮೂರು ದಿನ ಅವರ ಆತ್ಮಕ್ಕೆಂದು ರೋಸರಿ ಹೇಳಿದಳು. ನಾಲ್ಕನೆಯ ದಿನ ಉತ್ತರ ಬಂತು: "ನಾನು ಆರೋಗ್ಯವಾಗಿದ್ದೇನೆ. ಪಿಯಾನೋ ನುಡಿಸಲು ಬಾರದು. ಪಂಪುಗಳು ಮುಂದಿನ ವಾರ ಹಡಗು ಹತ್ತುತ್ತವೆ. ಇತಿ, ವಾಂಗ್."

ಅಷ್ಟರಲ್ಲಿ ಮರಳಿದ್ದ ಮ್ಯಾನೇಜರು ಕೆಂಡಾಮಂಡಲವಾದರು. "ಚೀನಾದಲ್ಲಿ ವಾಂಗ್ ಎಂದರೆ ಒಬ್ಬನೇ ಏನಯ್ಯ? ಈ ಆಫೀಸಿನಲ್ಲೇ ಎಷ್ಟು ಡಿಸೋಜರಿದ್ದೀರಿ?"

"ಮೂರು ಜನ, ಸರ್."

"ಖಲಾಸ್! ನಿನಗೆ ಎಚ್ಚರಿಕೆ ಪತ್ರ ಬರುತ್ತದೆ."

ಪತ್ರ ಬಂದವನಿಗೆ ಆ ವರ್ಷ ಊರಿಗೆ ಹೋಗಲು ಕ್ರಿಸ್ಮಸ್ ರಜೆ ಇಲ್ಲ, ಅದು ಕಂಪನಿಯ ನಿಯಮ. ಎರಡು ದಿನ ಊಟ ಸೇರಲಿಲ್ಲ. ಪತ್ರವೂ ಬರಲಿಲ್ಲ. ಮೂರನೆಯ ಸಂಜೆ ಸ್ಟೋರ್ ಕೀಪರ್ ಫೆಲಿಕ್ಸ್ ಡಿಸೋಜ ಮನೆಗೆ ಬಂದ. ಕೈಯಲ್ಲಿ ಪತ್ರ, ಕಣ್ಣಲ್ಲಿ ನೀರು.

"ನಾನು ಯಾವ ಚೀನಾದವನ ಸುದ್ದಿಗೆ ಹೋಗಿದ್ದೆ ಮಾರಾಯ? ಡಿಸೆಂಬರಲ್ಲಿ ತಂಗಿ ಮದುವೆ ಉಂಟು. ಅಪ್ಪ ಇಲ್ಲ. ಅವಳನ್ನು ಇಗರ್ಜಿಗೆ ಕೈ ಹಿಡ್ದು ಕರ್ಕೊಂಡು ಹೋಗ್ಲಿಕ್ಕೆ ನಾನೊಬ್ಬನೇ ಇರುದು."

"ಎಲ್ಲ ಡಿಸೋಜರೂ ಒಂದೇ ಅಂತ ತಿಳ್ಕೊಂಡಿದ್ದಾರೆ, ಬುದ್ಧಿ ಇಲ್ಲದವರು!" ಎಂದು ನಾನು ಗುಡುಗಿದೆ.

ಲಿಲ್ಲಿ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ನೋಟಕ್ಕಿಂತ ಎಚ್ಚರಿಕೆ ಪತ್ರವೇ ಮೇಲು.

ಮರುದಿನ ಪತ್ರ ಟೈಪ್ ಮಾಡಿದ ಗುಮಾಸ್ತನ ಮುಂದೆ ನಿಂತು, "ಇದು ನನ್ನದು, ದಯವಿಟ್ಟು ನನಗೇ ಕೊಡಿ" ಎಂದೆ. ಬೈಗುಳವನ್ನು ಅರ್ಜಿ ಹಾಕಿ ಪಡೆದವನು ಆ ಕಂಪನಿಯಲ್ಲಿ ನಾನೊಬ್ಬನೇ ಇರಬೇಕು. ಅವನು ತಲೆ ಎತ್ತದೆ ಕೇಳಿದ: "ನೀನು ಯಾವ ಡಿಸೋಜ?"

"ವಾಂಗರನ್ನು ಕೊಂದ ಡಿಸೋಜ."

ಫೆಲಿಕ್ಸ್ ಊರಿಗೆ ಹೋದ. ನಾನು ಕ್ರಿಸ್ಮಸ್ಸಿಗೆ ಸೀಬಿನಲ್ಲೇ ಕೂತು ಮೀನು ಕ್ಲೀನ್ ಮಾಡಿದೆ. ಪುರ್ಸೊತ್ತು ಬೇಕಾದಷ್ಟಿತ್ತು.